ಹಾಲಿನ ಸಾಲು ನಿಂತ ಬೆಳಿಗ್ಗೆ

“ಗುರುಗಳೇ, ಸರಿಯಾಗಿ ನಡೆಯುತ್ತಿದ್ದದ್ದು ಕೆಟ್ಟರೆ ದೋಷವನ್ನು ಮೊದಲು ಎಲ್ಲಿ ಹುಡುಕಬೇಕು?” ಎಂದು ಶಿಷ್ಯೆ ಪದ್ಮಾಂಬೆ ಕೇಳಿದಳು.

ಗುರುಗಳು ಹೇಳಿದರು:

ಒಂದು ಹಾಲಿನ ಸಂಘದಲ್ಲಿ ಒಬ್ಬ ಎಂಜಿನಿಯರ್ ಇದ್ದ. ಸುತ್ತಲಿನ ಊರುಗಳ ಡೇರಿಗಳಿಗೆಲ್ಲ ಒಂದೇ ಡೇಟಾಬೇಸ್. ಹಾಲು ತಂದವರ ಸಂಖ್ಯೆ ಒತ್ತಿದರೆ ಹೆಸರು ಬರಬೇಕು, ಆಮೇಲೆ ಅಳತೆ. ತಿಂಗಳಿಗೊಮ್ಮೆ ಅವನು ಹಳೆಯ ದಾಖಲೆಗಳನ್ನು ತೆಗೆದು ಅದನ್ನು ಸ್ವಚ್ಛ ಮಾಡುತ್ತಿದ್ದ. ಆ ಕೆಲಸವೆಂದರೆ ಅವನಿಗೆ ಹೆಮ್ಮೆ.

ಒಮ್ಮೆ ಸ್ವಚ್ಛ ಮಾಡಿದ ಮರುದಿನ ಹೆಸರುಗಳು ಬೇಗ ಬರಲೇ ಒಲ್ಲವು. ಒಂದು ಹೆಸರು ಬರುವಷ್ಟರಲ್ಲಿ ಡೇರಿಯ ಮುಂದಿನ ಸಾಲು ಇನ್ನಷ್ಟು ಬೆಳೆಯುತ್ತಿತ್ತು. ಬಿಸಿಲೇರಿತು. ಇನ್ನು ತಡವಾದರೆ ಹಾಲು ಒಡೆಯುತ್ತದೆ.

ಎಂಜಿನಿಯರ್ ಹತ್ತಿರದ ಡೇರಿಗೆ ಓಡಿ ಬಂದು ತಂತಿಗಳನ್ನು ಬದಲಿಸಿದ. ಕಂಪ್ಯೂಟರ್ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಜಗಳವಾಡಿದ. ಹೊಸ ಯಂತ್ರ ಕೊಡಿಸದ ಸಂಘದ ಅಧ್ಯಕ್ಷರನ್ನು ಬೈದುಕೊಂಡ. ಏನೂ ಬದಲಾಗಲಿಲ್ಲ.

ಸಾಲಿನ ಮುಂದಿದ್ದ ಹೆಂಗಸು ಕ್ಯಾನು ಕೆಳಗಿಟ್ಟು ಕೇಳಿದಳು: “ತಮ್ಮಾ, ನಿನ್ನೆ ಚೆನ್ನಾಗಿಯೇ ಇತ್ತಲ್ಲ, ಅಷ್ಟರಲ್ಲಿ ಏನಾಯಿತು?”

“ಏನೂ ಆಗಿಲ್ಲವಮ್ಮ. ನಾನೊಮ್ಮೆ ಸ್ವಚ್ಛ ಮಾಡಿದೆ, ಅಷ್ಟೇ.”

ಹೇಳಿದ ಮಾತು ಅವನ ಕಿವಿಗೇ ಬಿತ್ತು. ಅವನು ಸುಮ್ಮನೆ ಕುಳಿತು ತಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆದ. ಹೆಸರು ಎಲ್ಲಿದೆಯೆಂದು ಯಂತ್ರಕ್ಕೆ ನೇರವಾಗಿ ತೋರಿಸುವ, ಪುಸ್ತಕದ ಕೊನೆಯ ಪದಸೂಚಿಯಂಥ ಸೂಚಿಯೊಂದು ಡೇಟಾಬೇಸಿನಲ್ಲಿತ್ತು. ಸ್ವಚ್ಛತೆ ಬೇಗ ಮುಗಿಯಲೆಂದು ಅವನೇ ಅದನ್ನು ತೆಗೆದಿದ್ದ. ಮತ್ತೆ ಕಟ್ಟುವುದನ್ನು ಮರೆತಿದ್ದ. ಪಾಪ, ಯಂತ್ರ ಪ್ರತಿಯೊಬ್ಬರಿಗಾಗಿ ಎಲ್ಲ ದಾಖಲೆಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದುತ್ತಿತ್ತು.

ಎಂಜಿನಿಯರ್ ಜೋರಾಗಿ ನಕ್ಕುಬಿಟ್ಟ. ಸೂಚಿಯನ್ನು ಮತ್ತೆ ಕಟ್ಟಿದ. ಸಂಖ್ಯೆ ಒತ್ತಿದೊಡನೆ ಹೆಸರು ಬಂತು. ಸಾಲು ಹೋ ಎಂದು ಕೂಗಿತು. “ತಪ್ಪು ನನ್ನದೇ!” ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. ಕಂಪನಿಗೆ ಫೋನ್ ಮಾಡಿ ಕ್ಷಮೆ ಕೇಳಿದ. ಆ ಹೆಂಗಸು ತನ್ನ ಹಾಲಿನಲ್ಲೇ ಅವನಿಗೆ ಚಹಾ ಮಾಡಿಸಿದಳು. ಅವನು ಕುಡಿಯುತ್ತ ಇನ್ನೂ ನಗುತ್ತಲೇ ಇದ್ದ.

ಕತೆ ಮುಗಿಯಿತು. ಪದ್ಮಾಂಬೆಗೆ ಸಮಾಧಾನವಾಗಲಿಲ್ಲ.

“ತಪ್ಪು ತನ್ನದೇ ಎಂದು ತಿಳಿದ ಮೇಲೆ ನಾಚಿಕೆಯಾಗಬೇಕಿತ್ತಲ್ಲವೇ? ಅವನೇಕೆ ಅಷ್ಟು ಸಂತೋಷಪಟ್ಟ?”

ಗುರುಗಳೂ ನಕ್ಕರು.

“ಬೇರೆಯವರ ತಪ್ಪಾಗಿದ್ದರೆ ಅವರು ಬಂದು ಸರಿಪಡಿಸುವವರೆಗೆ ಕಾಯಬೇಕಿತ್ತಲ್ಲಮ್ಮ.”