ಸಾಕವ್ವ ಗಾಡಿ ಕಲಿತದ್ದು

ಒಂದು ಕಾಡಿನಲ್ಲಿ ಸಾಕವ್ವ ಎಂಬ ಮುಂಗುಸಿ ಇದ್ದಳು. ಕಾಡಿಗೆಲ್ಲ ಅವಳೊಬ್ಬಳೇ ಸೂಲಗಿತ್ತಿ. ಆಗಿನ ಕಾಡು ಈಗಿನ ಹಾಗಲ್ಲ. ಒಂದು ಮನೆಯಲ್ಲಿ ಹೆರಿಗೆ ನೋವು ಬಂದರೆ ನಾಲ್ಕು ಮನೆಯಲ್ಲಿ ಒಲೆ ಹತ್ತುತ್ತಿತ್ತು. ಒಬ್ಬರು ನೀರು ಕಾಯಿಸುವರು. ಒಬ್ಬರು ಹರಳೆಣ್ಣೆ ತರುವರು. ಇನ್ನೊಬ್ಬರು ಸುಮ್ಮನೆ ಬಂದು ಕೂತು, ಹುಟ್ಟುವ ಕೂಸು ಯಾರ ಮೂತಿ ಹೊತ್ತು ಬರುತ್ತದೋ ಎಂದು ಮಾತು ತೆಗೆಯುವರು. ಆ ಮೂರನೆಯವರು ಬರದಿದ್ದರೆ ಹೆರಿಗೆಗೆ ಕಳೆಯೇ ಇರುತ್ತಿರಲಿಲ್ಲ.

ಸಾಕವ್ವನ ಕೈಗುಣ ದೊಡ್ಡದು. ಅವಳು ಹೊಟ್ಟೆ ಮುಟ್ಟಿದರೆ ಸಾಕು, ಅಡ್ಡ ತಿರುಗಿದ ಕೂಸೂ ನೆಟ್ಟಗಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಕೇಳಿ ಕೇಳಿ ಅವಳೂ ನಂಬಿದ್ದಳು.

ಕೈಗುಣ ಎಷ್ಟಿದ್ದರೇನು, ಕಾಲು ಗಿಡ್ಡ. ಹೋದ ವರ್ಷ ಗುಡ್ಡದಾಚೆಯ ಹೊನ್ನಿ ಎಂಬ ಜಿಂಕೆಗೆ ನೋವು ಬಂತು. ಸಾಕವ್ವ ಬಿದ್ದೆನೋ ಎದ್ದೆನೋ ಎಂದು ಓಡಿದಳು. ತಲುಪುವಾಗ ಹೊತ್ತು ಮೀರಿತ್ತು. ಮರಿ ಉಳಿಯಲಿಲ್ಲ. ಹೊನ್ನಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಸಾಕವ್ವನ ಎದೆ ಎಷ್ಟೋ ಹಗುರಾಗುತ್ತಿತ್ತು.

ಈ ವರ್ಷ ಹೊನ್ನಿ ಮತ್ತೆ ಬಸುರಿಯಾದಳು. ಕಾಡಿನ ಪಂಚಾಯ್ತಿಯವರ ಹತ್ತಿರ ಒಂದು ಹಳೇ ವ್ಯಾನು ಇತ್ತು.

"ಲೈಸೆನ್ಸ್ ತಗೊಂಡು ಬಾ ಸಾಕವ್ವ. ಹೆರಿಗೆ ಕೆಲಸಕ್ಕೆ ವ್ಯಾನು ನೀನೇ ಇಟ್ಕೊ" ಎಂದರು.

ಗಾಡಿ ಕಲಿಸುವವನು ಆ ಕಾಡಿನಲ್ಲಿ ಒಬ್ಬನೇ. ಕೆಂಚಪ್ಪ ಮೇಷ್ಟ್ರು ಎಂಬ ನರಿ. ಅವನ ಜೀಪಿನ ಮುಂದೆ ಕೆಂಪು ಬಣ್ಣದ 'ಎಲ್' ಬೋರ್ಡು, ಹಿಂದೆ 'ಇಪ್ಪತ್ತು ದಿನದಲ್ಲಿ ಲೈಸೆನ್ಸ್ ಗ್ಯಾರಂಟಿ' ಎಂಬ ಬರಹ. ಕಲಿಸುವುದು ಗ್ಯಾರಂಟಿ ಎಂದು ಎಲ್ಲೂ ಬರೆದಿರಲಿಲ್ಲ. ಅದನ್ನು ಓದಿ ನೋಡಿದವರು ಯಾರು?

ಸಾಕವ್ವ ಒಂದು ಗಡಿಗೆ ತುಡುವೆ ಜೇನು ಮುಂಗಡ ಕೊಟ್ಟಳು. ಹಬ್ಬಕ್ಕೆಂದು ಇಟ್ಟಿದ್ದ ಜೇನು. ಕೆಂಚಪ್ಪ ಗಡಿಗೆಯೊಳಗೆ ಬೆರಳದ್ದಿ ನೆಕ್ಕಿ, "ನಾಳೆ ಬೆಳಗ್ಗೆ ಬನ್ನಿ ಸಾಕವ್ವ" ಎಂದ.

ಮೊದಲ ದಿನ ಜೀಪು ತೊಳೆಸಿದ. "ಗಾಡಿಗೂ ನಿಮಗೂ ಪರಿಚಯ ಆಗಬೇಕಲ್ಲ?" ಎಂದ. ಎರಡನೆಯ ದಿನ ಸೀಟಿನ ಮೇಲೆ ದಿಂಬು ಇಟ್ಟು ಕೂರಿಸಿದ. ಸಾಕವ್ವ ಕೆಳಗೆ ಬಗ್ಗಿ ಪೆಡಲ್ ನೋಡಿದಳು.

"ಛೆ ಛೆ, ಕೆಳಗೆ ನೋಡಬೇಡಿ! ಕಣ್ಣು ರಸ್ತೆ ಮೇಲಿರಲಿ. ಕಾಲು ಸುಮ್ಮನೆ ಸೀಟಿಗೆ ಆನಿಸಿಟ್ಟಿರಿ. ಸ್ಟೇರಿಂಗ್ ಹಿಡೀರಿ, ಸಾಕು."

ಸಾಕವ್ವ ಹಿಡಿದಳು. ಪಕ್ಕದಲ್ಲಿ ಕೆಂಚಪ್ಪ ಕೂತ. ಅವನ ಕಾಲ ಕೆಳಗೆ ಒಂದು ಗೋಣಿಚೀಲ ಹಾಸಿತ್ತು. ಜೀಪು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೊರಟಿತು. ತಿರುವಿನಲ್ಲಿ ತಾನಾಗಿ ನಿಧಾನವಾಯಿತು. ಏರಿನಲ್ಲಿ ತಾನಾಗಿ ಜೋರಾಯಿತು.

"ಅಬ್ಬಬ್ಬಾ, ಏನು ಕೈಗುಣ ಸಾಕವ್ವ ನಿಮ್ಮದು! ಗಾಡಿ ನಿಮ್ಮ ಮಾತು ಕೇಳ್ತದೆ ನೋಡಿ!"

ಆ ಒಂದು ಮಾತಿಗೆ ಅವಳು ಬಿದ್ದಳು. ಹೌದಲ್ಲ, ಅಡ್ಡ ತಿರುಗಿದ ಕೂಸನ್ನೇ ತಿರುಗಿಸುವ ಕೈಗೆ ಒಂದು ಜೀಪು ಯಾವ ಲೆಕ್ಕ ಎಂದುಕೊಂಡಳು.

ಆಮೇಲೆ ಶುರುವಾಯಿತು ಕೆಂಚಪ್ಪನ ಸವಾರಿ. ಒಂದು ದಿನ ಅತ್ತೆಮನೆ. ಒಂದು ದಿನ ಹೊಳೆದಂಡೆಗೆ ಏಡಿ ತರಲು. ಇನ್ನೊಂದು ದಿನ ಕತ್ತೆಕಿರುಬನ ಗವಿಯ ಮುಂದೆ ಜೀಪು ನಿಲ್ಲಿಸಿ, "ಸ್ಟೇರಿಂಗ್ ಹಿಡ್ಕೊಂಡು ಕೂತಿರಿ, ಕೈ ಒಗ್ಗಲಿ" ಎಂದು ಒಳಗೆ ಹೋದ. ಒಳಗೆ ಇಸ್ಪೀಟು. ಸೋತು ಬಂದ ದಿನ ಅವನ ಬಾಲ ಕಾಲ ಸಂದಿಗೆ ಸೇರಿರುತ್ತಿತ್ತು. ಹೆಂಡತಿಯ ಹತ್ತಿರ ಮಾತ್ರ, "ಪಾಠ ಮಾಡಿ ಮಾಡಿ ಗಂಟಲು ಹರೀತು ಕಣೇ" ಅನ್ನುತ್ತಿದ್ದನಂತೆ!

ಹನ್ನೆರಡನೆಯ ದಿನ ಹೊಳೆಯಿಂದ ಬುಟ್ಟಿ ತುಂಬ ಏಡಿ ತುಂಬಿಸಿಕೊಂಡು ಬರುತ್ತಿದ್ದರು. ಇಳಿಜಾರು ಬಂತು. ಬುಟ್ಟಿಯಿಂದ ಒಂದು ಏಡಿ ಹೊರಗೆ ಬಂತು. ನೆಟ್ಟಗೆ ಹೋಗಿ ಕೆಂಚಪ್ಪನ ಕಾಲಿನ ಹೆಬ್ಬೆರಳು ಕಚ್ಚಿತು.

"ಅಯ್ಯಯ್ಯೋ, ಸತ್ತೆ!" ಎಂದು ಅವನು ಎರಡೂ ಕಾಲೆತ್ತಿ ಸೀಟಿನ ಮೇಲೆ ಇಟ್ಟ.

ಜೀಪು ಹುಚ್ಚೆದ್ದು ಇಳಿಯಿತು. ಸಾಕವ್ವನ ಕೈಯಲ್ಲಿ ಸ್ಟೇರಿಂಗ್ ಇತ್ತು, ಕೈಗುಣವೂ ಇತ್ತು. ಆದರೆ ಕಾಲ ಕೆಳಗಿನ ಮೂರು ಪೆಡಲಿನಲ್ಲಿ ಬ್ರೇಕ್ ಯಾವುದು ಎಂದು ಗೊತ್ತಿರಲಿಲ್ಲ. ಹನ್ನೆರಡು ದಿನವಾಗಿತ್ತು, ಬ್ರೇಕ್ ಯಾವುದು ಎಂದು ಗೊತ್ತಿರಲಿಲ್ಲ! ಜೀಪು ಲಂಟಾನ ಪೊದೆಗೆ ನುಗ್ಗಿತು, ಕೆಂಚಪ್ಪ ಕಾಲಿಳಿಸಿ ಗೋಣಿಚೀಲದ ನಡುವೆ ಬಲವಾಗಿ ಒತ್ತಿದ ಮೇಲೆ ಕೆಮ್ಮಿ ನಿಂತಿತು.

ಗೋಣಿಚೀಲ ಸರಿದಿತ್ತು. ಅದರ ಕೆಳಗೆ ಇನ್ನೂ ಮೂರು ಪೆಡಲು. ಸವೆದು ಸವೆದು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಸಾಕವ್ವ ತನ್ನ ಕಡೆ ಬಗ್ಗಿ ನೋಡಿದಳು. ಅಲ್ಲಿನ ಪೆಡಲುಗಳಿಗೆ ಜೇಡರ ಬಲೆ ಕಟ್ಟಿತ್ತು.

"ಮೇಷ್ಟ್ರೇ, ಇದೇನು?"

"ಇದಾ? ಇದು... ಕಾಲಿಡೋ ಮಣೆ."

"ಮಣೆ ಒತ್ತಿದ್ರೆ ಗಾಡಿ ನಿಲ್ತದಾ? ಇಷ್ಟು ದಿನ ಓಡಿಸಿದ್ದು ನೀವು. ನಾನು ಬರೀ ಚಕ್ರ ಹಿಡಿದು ಕೂತಿದ್ದೆ, ತೊಟ್ಟಿಲ ಕೂಸು ಗಿಲಕಿ ಹಿಡಿದ ಹಾಗೆ."

ಕೆಂಚಪ್ಪ ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತ ಹೇಳಿದ: "ದೊಡ್ಡದು ಮಾಡಬೇಡಿ ಸಾಕವ್ವ. ಟೆಸ್ಟ್ ದಿನ ಪಕ್ಕದಲ್ಲಿ ನಾನೇ ಕೂತಿರ್ತೀನಿ. ನೀವು ಚಕ್ರ ತಿರುಗಿಸಿ, ಉಳಿದದ್ದು ನನಗೆ ಬಿಡಿ. ಲೈಸೆನ್ಸ್ ಬಂದರೆ ಸಾಲದಾ?"

"ಹೊನ್ನಿಗೆ ನೋವು ಬಂದ ದಿನ ಪಕ್ಕದಲ್ಲಿ ಕೂತಿರ್ತೀರಾ?"

"ಅದಕ್ಕೆ ಬೇರೆ ಫೀಸು."

"ಇನ್ನು ಎಂಟು ದಿನ ಉಳಿದಿದೆ. ಆ ಎಂಟು ದಿನ ಕಾಲು ಮಡಚಿ ಕೂತು, ಬಾಯಲ್ಲಿ ಹೇಳಿಕೊಡಿ. ಒತ್ತೋದು ನಾನು."

"ನನ್ನ ಜೀಪು, ನನ್ನ ಪದ್ಧತಿ. ಬೇಡ ಅಂದ್ರೆ ಬಿಡಿ. ಜೇನು ಮಾತ್ರ ವಾಪಸ್ ಬರಲ್ಲ. ತಿಂದಾಯ್ತು."

ಸಾಕವ್ವ ನಡೆದೇ ಮನೆಗೆ ಬಂದಳು. ದಾರಿಯಲ್ಲಿ ರಂಗಕ್ಕ ಎಂಬ ಕಾಡುಕೋಳಿಯ ಮನೆ ಸಿಕ್ಕಿತು. ರಂಗಕ್ಕ ಹೋದ ವರ್ಷ ಲೈಸೆನ್ಸ್ ತಗೊಂಡು ಕಾಡಿಗೆಲ್ಲ ಕಡಲೆಪುರಿ ಹಂಚಿದ್ದಳು. ಲೈಸೆನ್ಸಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ದಿನಾ ಅರಿಸಿನ ಕುಂಕುಮ ಬೇರೆ.

"ರಂಗಕ್ಕ, ನಿಜ ಹೇಳು. ನಿನಗೆ ಗಾಡಿ ಬರ್ತದಾ?"

ರಂಗಕ್ಕ ಕದ ಹಾಕಿದಳು. ಕಿಟಕಿಯನ್ನೂ ಹಾಕಿದಳು. ಆಮೇಲೆ ಪಿಸುಗುಟ್ಟಿದಳು: "ಗಾಡಿ ಹತ್ತಿದರೆ ನನ್ನ ಪುಕ್ಕ ಉದುರ್ತವೆ ಕಣೆ. ಆ ಹಂದಿ ತಿಮ್ಮಣ್ಣನಿಗೂ ಬರಲ್ಲ. ಅವನು ಹುತ್ತಕ್ಕೆ ಗುದ್ದಿದ್ದು ಮಂಜು ಕವಿದಿತ್ತು ಅಂತ ಅಲ್ಲ, ತಿಳ್ಕೊ. ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡಲ್ಲ. ಬಿಟ್ಟರೆ ನಮ್ಮ ಮಾನ ಹೋಗಲ್ವಾ?"

ಮನೆಗೆ ಬಂದು ಸಾಕವ್ವ ಒಲೆಯ ಮುಂದೆ ಕೂತಳು. ಅಜ್ಜಿ ನೆನಪಾದಳು. ಸೂಲಗಿತ್ತಿ ಕೆಲಸ ಕಲಿಸಿದವಳು ಆ ಅಜ್ಜಿಯೇ. ಮೊದಲ ಮೂರು ಹೆರಿಗೆ ಅಜ್ಜಿ ಮಾಡಿ ತೋರಿಸಿದಳು. ನಾಲ್ಕನೆಯದಕ್ಕೆ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿ ನಿಂತಳು. "ಅಜ್ಜೀ, ಬಾ, ಹಿಡ್ಕೋ!" ಎಂದು ಸಾಕವ್ವ ಅತ್ತಿದ್ದಳು. "ನನ್ನ ಕೈ ಇವತ್ತು ಇಲ್ಲ ಅಂದ್ಕೋ. ನೀನೇ ಹಿಡಿ" ಎಂದಿದ್ದಳು ಅಜ್ಜಿ. ಅವತ್ತು ಎಷ್ಟು ಕೆಟ್ಟವಳಾಗಿ ಕಂಡಿದ್ದಳು! ಈಗ ಆ ಸೆರಗು, ಅದರ ಸೀಗೆಕಾಯಿ ವಾಸನೆ, ಒಳಗೆ ಮುಷ್ಟಿ ಬಿಗಿದ ಆ ಮುದಿ ಕೈ ಎಲ್ಲ ನೆನಪಾಗಿ ಸಾಕವ್ವನ ಕಣ್ಣು ತುಂಬಿತು. ಸುಮ್ಮನೆ ನಿಲ್ಲುವುದು ಅಜ್ಜಿಗೆ ಎಷ್ಟು ಕಷ್ಟವಾಗಿತ್ತೋ.

ಸಾಕವ್ವ ಕೂಗಾಡಲಿಲ್ಲ. ಮೇಷ್ಟ್ರ ಮಾತಿಗೆ ಒಪ್ಪಿದವಳ ಹಾಗೆ ಟೆಸ್ಟ್ ದಿನಕ್ಕೆ ಕಾದಳು.

ಟೆಸ್ಟ್ ಮಾಡುವವನು ಬೋರಯ್ಯ ಎಂಬ ಕರಡಿ. ಬಯಲಿನಲ್ಲಿ ಸುಣ್ಣದಲ್ಲಿ ದೊಡ್ಡ ಎಂಟು ಬರೆಸಿದ್ದ. ಗಾಡಿ ಆ ಗೆರೆ ತುಳಿಯದೆ ಎಂಟು ಹಾಕಿ ಬರಬೇಕು. ನೋಡಲು ಅರ್ಧ ಕಾಡು ನೆರೆದಿತ್ತು. ಅಂಥದ್ದನ್ನು ಬಿಡುವುದುಂಟೇ?

ಸಾಕವ್ವ ಕೈಮುಗಿದಳು. "ಸ್ವಾಮಿ, ಒಂದು ಕೋರಿಕೆ. ಮೊದಲು ನಮ್ಮ ಮೇಷ್ಟ್ರು ಒಂದು ಎಂಟು ಹಾಕಿ ತೋರಿಸಲಿ. ನಾನು ಪಕ್ಕದಲ್ಲಿ ಕೂತು ನೋಡ್ತೀನಿ. ಗುರುವಿನ ಕೈ ನೋಡಿ ಹೊರಟರೆ ಒಳ್ಳೇದಾಗ್ತದೆ."

"ಆಗಲಿ. ಹಾಕಯ್ಯ ಕೆಂಚಪ್ಪ" ಎಂದ ಬೋರಯ್ಯ.

ಅಷ್ಟು ಜನರ ಮುಂದೆ ಬೇಡ ಅನ್ನಲು ಕೆಂಚಪ್ಪನಿಗೆ ಆಗಲಿಲ್ಲ. ಮೀಸೆ ತಿರುವಿಕೊಂಡು ಸ್ಟೇರಿಂಗ್ ಮುಂದೆ ಕೂತ. ಸಾಕವ್ವ ಪಕ್ಕಕ್ಕೆ ಹತ್ತಿದಳು. ಗೋಣಿಚೀಲದ ಮೇಲೆ ಎರಡೂ ಕಾಲು ಊರಿದಳು. ನಡುವಿನ ಪೆಡಲ್ ಬ್ರೇಕು ಎಂದು ಈಗ ಅವಳಿಗೆ ಗೊತ್ತಿತ್ತು. ಪೊದೆಯ ಹತ್ತಿರ ಒಂದೇ ಸಲ ನೋಡಿದ್ದು, ಆದರೂ ಮರೆಯುವವಳಲ್ಲ.

ಕೆಂಚಪ್ಪ ಗಾಡಿ ಸ್ಟಾರ್ಟ್ ಮಾಡಿದ. ಜೀಪು ಗುರ್ ಎಂದಿತು, ಮುಗ್ಗರಿಸಿತು, ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದ. ಮತ್ತೆ ಆಫ್. ಮೂರನೆಯ ಸಲ ಜೀಪು ಬಿಕ್ಕಳಿಸಿದ ಹಾಗೆ ಕುಣಿಯಿತು.

"ಏನ್ ಮೇಷ್ಟ್ರೇ, ಇಸ್ಪೀಟ್ ಕೈ ಬಿಟ್ಟು ಸ್ಟೇರಿಂಗ್ ಹಿಡಿಯೋದು ಮರೆತೋಯ್ತಾ?" ಎಂದು ಯಾರೋ ಕೂಗಿದರು. ಕೆಂಚಪ್ಪನ ಹೆಂಡತಿಯೂ ಗುಂಪಿನಲ್ಲಿದ್ದಳು. ಅವಳ ಕಿವಿ ನಿಮಿರಿತು.

ಕೆಂಚಪ್ಪನಿಗೆ ತಲೆ ಕೆಟ್ಟಿತು. "ಕಾಲು ತೆಗೀರಿ ಸಾಕವ್ವ! ಬ್ರೇಕ್ ಮೇಲಿಂದ ಕಾಲು ತೆಗೀರಿ!" ಎಂದು ಕಿರುಚಿದ.

ಬೋರಯ್ಯ ಎದ್ದು ಬಂದ.

"ಅವಳ ಕಡೆ ಬ್ರೇಕು ಎಲ್ಲಿಂದ ಬಂತಯ್ಯ?"

ಕೆಂಚಪ್ಪ ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ಬೋರಯ್ಯ ಗೋಣಿಚೀಲ ಎತ್ತಿದ. ಮೂರು ಪೆಡಲೂ ಬಿಸಿಲಿಗೆ ಫಳಫಳ ಹೊಳೆದವು.

"ಓಹೋ. ಇಷ್ಟು ವರ್ಷ ನಾನು ಟೆಸ್ಟ್ ಮಾಡಿ ಪಾಸು ಮಾಡಿದ್ದೆಲ್ಲ ನಿನ್ನನ್ನೇ ಅಲ್ವೇನೋ?" ಎಂದ ಬೋರಯ್ಯ. "ಬ್ರೇಕು ಒಂದು ಇರಲಿ, ಆಪತ್ತಿಗೆ ಬೇಕು. ಅದೂ ಎಲ್ಲರ ಕಣ್ಣಿಗೆ ಕಾಣುವ ಹಾಗಿರಲಿ. ಉಳಿದೆರಡು ಈಗಲೇ ಕೀಳು. ನಿನ್ನ ಹತ್ತಿರ ಕಲಿತವರ ಲೈಸೆನ್ಸೆಲ್ಲ ರದ್ದು. ಒಬ್ಬೊಬ್ಬರಿಗೂ ಇಪ್ಪತ್ತು ದಿನ ಮತ್ತೆ ಕಲಿಸು. ಒಂದು ಹನಿ ಜೇನು ಮುಟ್ಟಿದರೆ ನೋಡು."

ರಂಗಕ್ಕ ಸಾಕವ್ವನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಆದರೂ ಮರುದಿನ ಪಾಠಕ್ಕೆ ಎಲ್ಲರಿಗಿಂತ ಮೊದಲು ಬಂದು ನಿಂತವಳು ಅವಳೇ.

ಸಾಕವ್ವನ ಇಪ್ಪತ್ತು ದಿನ ಹೊಸದಾಗಿ ಶುರುವಾಯಿತು. ಕೆಂಚಪ್ಪ ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ಜೀಪು ಬೆಣ್ಣೆಯ ಹಾಗೆ ಹೋಗಲಿಲ್ಲ. ಕಪ್ಪೆಯ ಹಾಗೆ ಹಾರಿತು, ದಿನಕ್ಕೆ ಹತ್ತು ಸಲ ಆಫ್ ಆಯಿತು. ಕ್ಲಚ್ಚು ಅರ್ಧ ಬಿಟ್ಟು ಗಾಡಿಯನ್ನು ಏರಿನಲ್ಲಿ ಹಿಡಿದು ನಿಲ್ಲಿಸುವುದು ಹದಿನೈದನೆಯ ದಿನಕ್ಕೆ ಅವಳ ಕಾಲಿಗೆ ಹತ್ತಿತು. ಕೆಂಚಪ್ಪ ಹೊಗಳಲಿಲ್ಲ. ಅವಳಿಗೆ ಬೇಕೂ ಇರಲಿಲ್ಲ. ಇಪ್ಪತ್ತೊಂದನೆಯ ದಿನ ಒಬ್ಬಳೇ ಕೂತು, ಬೆವರು ಸುರಿಸಿ, ಸುಣ್ಣದ ಗೆರೆ ತುಳಿಯದೆ ಎಂಟು ಹಾಕಿದಳು.

ಅದಾಗಿ ಮೂರು ದಿನಕ್ಕೆ ಮಧ್ಯಾಹ್ನ ಒಂದು ಗಿಳಿ ಹಾರಿ ಬಂತು. "ಸಾಕವ್ವಾ, ಹೊನ್ನಿಗೆ ನೋವು!"

ಸಾಕವ್ವ ವ್ಯಾನು ಹತ್ತಿದಳು. ಪಕ್ಕದ ಸೀಟು ಖಾಲಿ. ಗುಡ್ಡದ ಕಡಿದಾದ ಏರಿನಲ್ಲಿ ವ್ಯಾನು ನಿಂತೇಬಿಟ್ಟಿತು. ಹಿಂದಕ್ಕೆ ಒಂದು ಗೇಣು ಜಾರಿತು. ಸಾಕವ್ವ ಬ್ರೇಕ್ ಒತ್ತಿ ಹಿಡಿದು ಮತ್ತೆ ಸ್ಟಾರ್ಟ್ ಮಾಡಿದಳು. ಕ್ಲಚ್ಚು ಅರ್ಧ ಬಿಟ್ಟಳು, ಮೆಲ್ಲಗೆ ಒತ್ತಿದಳು. ವ್ಯಾನು ನಡುಗಿತು, ಹಿಡಿಯಿತು, ಏರಿತು.

ತಲುಪುವಾಗ ಹೊನ್ನಿ ಇನ್ನೂ ನರಳುತ್ತಿದ್ದಳು. ಮರಿ ಹಿಂಗಾಲು ಮುಂದಾಗಿ ಸಿಕ್ಕಿಕೊಂಡಿತ್ತು. ಸಾಕವ್ವ ಕೈ ತೊಳೆದು ಕೂತಳು. ಹೊತ್ತು ಮೀರಿರಲಿಲ್ಲ. ಹೊತ್ತು ಇಳಿಯುವ ಮೊದಲು ಮರಿ ಹೊರಗೆ ಬಂತು, ಸೀನಿತು.

ಸ್ವಲ್ಪ ಹೊತ್ತಿಗೆ ಮರಿ ಎದ್ದು ನಿಲ್ಲಲು ನೋಡಿತು. ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಹೊನ್ನಿ ಮೂತಿಯಿಂದ ಎತ್ತಲಿಲ್ಲ. ಸಾಕವ್ವನೂ ಕೈ ಚಾಚಲಿಲ್ಲ. ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತ ನಿಂತರು. ಐದನೆಯ ಸಲಕ್ಕೆ ಮರಿ ನಾಲ್ಕೂ ಕಾಲು ಊರಿ ನಿಂತಿತು.

ನೀತಿ: ಕಾಸು ಕೊಟ್ಟು ಕಲಿಯುವಾಗ ಗುರುವಿನ ಹೊಗಳಿಕೆಗೆ ಮರುಳಾಗಬೇಡ, ಗುರು ಕೈಕಾಲು ತೆಗೆದ ಮೇಲೆ ನಿನಗೆಷ್ಟು ಬರುತ್ತದೋ ಅಷ್ಟೇ ನಿನ್ನ ಕಾಸಿನ ಬೆಲೆ.