ಹುಣಸೆಮರದ ಜೇನಿಗೆ ಒಡೆಯ ಯಾರು

ಶಿಷ್ಯ ನಿರ್ವಾಣಯ್ಯ ಕೇಳಿದ: “ಗುರುಗಳೇ, ಹಳೆಯ ಶಾಸನಗಳಲ್ಲಿ ‘ಸ್ವಾಮ್ಯ’ ಎಂದಿದೆ. ಈಗಿನ ಕೋರ್ಟಿನ ಕಾಗದಗಳಲ್ಲಿ ‘ಮಾಲೀಕತ್ವ’ ಎಂದಿದೆ. ಎರಡರ ಅರ್ಥವೂ ಒಂದೇಯೋ, ಬೇರೆ ಬೇರೆಯೋ?”

ಗುರುಗಳು ಹೇಳಿದರು:

ಹಿಂದೆ ಒಬ್ಬ ರೈತ ತನ್ನ ಬೀಳುಭೂಮಿಯನ್ನು ಒಬ್ಬ ವ್ಯಾಪಾರಿಗೆ ಮಾರಿದ. ಅದರಲ್ಲಿ ಒಂದು ಹುಣಸೆಮರವಿತ್ತು. ಕರಣಿಕ ಕ್ರಯಪತ್ರ ಬರೆಯುತ್ತ, ವಾಡಿಕೆಯಂತೆ, “ಸಿದ್ಧ, ಸಾಧ್ಯ, ಆಗಾಮಿ ಸಹಿತ” ಎಂದು ಸೇರಿಸಿದ. ವ್ಯಾಪಾರಿ ಅರ್ಥ ಕೇಳಿದ. “ಈಗ ಇರುವುದು ಸಿದ್ಧ. ದುಡಿದು ಪಡೆಯಬಹುದಾದದ್ದು ಸಾಧ್ಯ. ಮುಂದೆ ಬರುವುದು ಆಗಾಮಿ,” ಎಂದ ಕರಣಿಕ. ಮುಂದೆ ಬರುವುದೂ ತನ್ನದೇ ಎಂದು ತಿಳಿದು ವ್ಯಾಪಾರಿಗೆ ಬಲು ಹಿಗ್ಗಾಯಿತು. ಮನೆಗೆ ಹೋಗಿ ಹೆಂಡತಿಯ ಮುಂದೆ ಆ ಮಾತುಗಳನ್ನು ಮಂತ್ರದಂತೆ ಹೇಳಿದ.

ಕೆಲವು ದಿನಗಳಲ್ಲೇ ಆ ಮರಕ್ಕೆ ಹೆಜ್ಜೇನು ಬಂದು ಮೊರದಗಲ ಹುಟ್ಟು ಕಟ್ಟಿತು. ಸುದ್ದಿ ತಿಳಿದು ವ್ಯಾಪಾರಿ ಕೊಡ ಹಿಡಿದು ಬಂದರೆ, ರೈತ ಅವನಿಗಿಂತ ದೊಡ್ಡ ಕೊಡ ಹಿಡಿದು ಅಲ್ಲೇ ನಿಂತಿದ್ದ.

“ನಾನು ಮಾರಿದ್ದು ಮಣ್ಣು, ಮರ. ಈ ಹುಳುಗಳು ನನ್ನ ತಾತನ ಕಾಲದಿಂದ ವರ್ಷಾ ವರ್ಷಾ ಬರುತ್ತಿವೆ. ಇವು ನಮ್ಮ ಮನೆಯವು,” ಎಂದ ರೈತ.

“ಕ್ರಯದ ಮೇಲೆ ಬಂದದ್ದು ಆಗಾಮಿ. ಆಗಾಮಿ ನನ್ನದು,” ಎಂದ ವ್ಯಾಪಾರಿ.

ವ್ಯಾಜ್ಯ ಅಧಿಕಾರಿಯ ತನಕ ಹೋಯಿತು. ಸ್ಥಳ ನೋಡದೆ ತೀರ್ಪು ಕೊಡುವುದಿಲ್ಲವೆಂದು ಅವನು ಕುದುರೆ ಏರಿ ಬಂದ. ಕರಣಿಕನೂ ಜೊತೆಗಿದ್ದ. ವ್ಯಾಪಾರಿಗೆ ಉತ್ಸಾಹ ತಡೆಯಲಿಲ್ಲ. ಒಂದು ಬಿದಿರ ಗಳು ಎತ್ತಿ, “ಸ್ವಾಮಿ, ಇದೇ ನನ್ನ ಜೇನು,” ಎಂದು ತೋರಿಸಿದ. ಗಳುವಿನ ತುದಿ ಹುಟ್ಟಿಗೆ ತಗುಲಿತು.

ಕುದುರೆ ಅಧಿಕಾರಿಯನ್ನು ಕೆಡವಿ ಓಡಿತು. ಅಧಿಕಾರಿ ಪಕ್ಕದ ಕೆರೆಗೆ ಹಾರಿದ. ಉಳಿದವರು ಅವನ ಹಿಂದೆ ಹಾರಿದರು.

ಅಂದು ಸಂಜೆ ಅಧಿಕಾರಿ ಚಾವಡಿಯಲ್ಲಿ ಕುಳಿತ. ಅವನ ಒಂದು ಕಣ್ಣು ಪೂರ್ತಿ ಮುಚ್ಚಿತ್ತು. “ಆ ಜೇನಿನ ಸ್ವಾಮ್ಯ ಯಾರದು? ಅವನನ್ನು ಕೋಳಕ್ಕೆ ಹಾಕಬೇಕು,” ಎಂದ.

ವ್ಯಾಪಾರಿ ಊದಿದ ತುಟಿಯಲ್ಲೇ ತೊದಲಿದ: “ಸ್ವಾಮಿ, ಅದು ಅವರ ತಾತನ ಕಾಲದಿಂದ ಬರುವ ಜೇನು. ಅವರ ಮನೆಯದೇ.”

“ಅಯ್ಯೋ, ಕ್ರಯದ ಮೇಲೆ ಬಂದದ್ದು ಸ್ವಾಮಿ! ಅದು ಆಗಾಮಿ. ಬೇಕಾದರೆ ಪತ್ರ ಓದಿಸಿ,” ಎಂದ ರೈತ.

ಅಧಿಕಾರಿ ಕರಣಿಕನ ಕಡೆ ತಿರುಗಿದ. ಕರಣಿಕ ಕಿವಿಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದ. “ಆ ಮಾತಿಗೆ ಅರ್ಥವೇನೂ ಇಲ್ಲ ಸ್ವಾಮಿ. ಬರೆದರೆ ಪತ್ರ ತುಂಬಿದಂತೆ ಕಾಣುತ್ತದೆ,” ಎಂದ.

ವ್ಯಾಪಾರಿ, ರೈತ ಇಬ್ಬರ ಒಂದೊಂದು ಕೈಯನ್ನೂ ಅಧಿಕಾರಿ ಒಂದೇ ಕೋಳಕ್ಕೆ ಹಾಕಿಸಿದ. ಒಬ್ಬನಿಗೆ ತುರಿಕೆಯಾದರೆ ಇನ್ನೊಬ್ಬ ಕೆರೆಯಬೇಕಾಯಿತು. ವ್ಯಾಪಾರಿ ಬೆಳಗಿನ ತನಕ ರೈತನ ಬೆನ್ನು ಕೆರೆಯುತ್ತ, ಇನ್ನು ಜೇನಿನ ಹೆಸರೆತ್ತುವುದಿಲ್ಲವೆಂದು ಆಣೆ ಮಾಡಿದ. ರೈತನೂ ಮಾಡಿದ.

ಬೆಳಿಗ್ಗೆ ಬಿಡುಗಡೆಯಾಯಿತು. ಇಬ್ಬರೂ ಮನೆಗೆ ಹೋಗದೆ ನೇರ ಮರದ ಬಳಿಗೆ ಓಡಿದರು. ಯಾರೋ ಹೊಗೆ ಹಾಕಿ, ಹುಟ್ಟು ಕೊಯ್ದು, ಜೇನುತುಪ್ಪ ಇಳಿಸಿಕೊಂಡು ಹೋಗಿದ್ದರು. ಇಬ್ಬರೂ ಒಟ್ಟಿಗೇ ಕೂಗಿದರು: “ನನ್ನ ತುಪ್ಪ ಕದ್ದವನು ಯಾರು?”

ಗುರುಗಳು ಕತೆ ನಿಲ್ಲಿಸಿದರು. ನಿರ್ವಾಣಯ್ಯ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಆಮೇಲೆ ಕೇಳಿದ: “ಅದು ಸರಿ ಗುರುಗಳೇ. ಆದರೆ ಸ್ವಾಮ್ಯದ ಅರ್ಥ?”

“ಯಾವ ಹೊತ್ತಿನ ಅರ್ಥ ಬೇಕಪ್ಪ, ಹುಳು ಕಚ್ಚುವ ಮೊದಲಿನದೋ, ಕಚ್ಚಿದ ಮೇಲಿನದೋ?” ಎಂದರು ಗುರುಗಳು.