ಕಚ್ಚಿ ನೋಡಿದ ಬೊಂಬೆ

"ಅವ್ವಾ, ತಪ್ಪು ಮಾಡಿದವರು ಮನಸ್ಸಿನೊಳಗೆ ನಾಚಿಕೊಂಡರೆ ಸಾಲದೇ?" ಎಂದು ಶಿಷ್ಯೆ ಕೇಳಿದಳು.

ಮಠದ ಅವ್ವ ಹೇಳಿದಳು:

ಒಂದು ಊರಿನಲ್ಲಿ ಒಬ್ಬ ಹೆಂಗಸು ಕೂಸುಗಳಿಗೆ ಬಟ್ಟೆಯ ಬೊಂಬೆ ಮಾಡಿ ಮಾರುತ್ತಿದ್ದಳು. ಉಟ್ಟು ಉಟ್ಟು ಮೆತ್ತಗಾದ ಹತ್ತಿಯ ಸೀರೆ, ಒಳಗೆ ಬೂರುಗದ ಅರಳೆ, ಬಣ್ಣಕ್ಕೆ ದಾಳಿಂಬೆಯ ಸಿಪ್ಪೆ, ಕಣ್ಣಿಗೆ ತೆಂಗಿನ ಚಿಪ್ಪಿನ ಗುಂಡಿ. ಕೂಸು ಕೈಗೆ ಸಿಕ್ಕಿದ್ದನ್ನು ಬಾಯಿಗೇ ಅಲ್ಲವೇ ಒಯ್ಯುವುದು? ಅದಕ್ಕೇ ಅವಳು ಪ್ರತಿ ಬೊಂಬೆಯನ್ನೂ ಮೊದಲು ತಾನು ಕಚ್ಚಿ ನೋಡುತ್ತಿದ್ದಳು. ಕಣ್ಣನ್ನು ಹಲ್ಲಿನಿಂದ ಜಗ್ಗುತ್ತಿದ್ದಳು. ಬಣ್ಣ ಬಿಡಲಿಲ್ಲ, ಗುಂಡಿ ಕಿತ್ತು ಬರಲಿಲ್ಲ ಎಂದಾದ ಮೇಲೆ ಅಂಟುವಾಳದ ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ ಕೊಡುತ್ತಿದ್ದಳು.

ಎದುರುಮನೆಯವಳು ಒಂದು ದಿನ ಕಿಟಕಿಯಿಂದ ಇಣುಕಿದಳು. ಕಚ್ಚುವುದು ಕಂಡಿತು. ತೊಳೆಯುವುದನ್ನು ಕಾಣಬೇಕಾದರೆ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು. ಅಷ್ಟು ಪುರುಸೊತ್ತು ಎಲ್ಲಿಯದು? ನಾಲಿಗೆ ಆಗಲೇ ತುರಿಸುತ್ತಿತ್ತು. ನಲ್ಲಿಯ ಹತ್ತಿರ ಕೊಡ ಇಳಿಸುವ ಮೊದಲೇ ಶುರು ಮಾಡಿದಳು: "ಅಯ್ಯೋ, ನಿಮಗೆ ಗೊತ್ತೇ ಇಲ್ಲವೇನ್ರೇ? ಅವಳು ಚೀಪಿ ಬಿಟ್ಟದ್ದನ್ನು ನಿಮ್ಮ ಕೂಸುಗಳು ಚೀಪುತ್ತಿವೆ!"

ಸಂಜೆಯೊಳಗೆ ಬೊಂಬೆಗಳೆಲ್ಲ ಮಾಡಿದವಳ ಮನೆಯ ಕಟ್ಟೆಗೆ ವಾಪಸು ಬಂದವು.

"ತೊಳೆದೇ ಕೊಡುತ್ತೇನೆ, ಅಕ್ಕಾ" ಎಂದಳು ಆ ಬಡಪಾಯಿ.

"ತೊಳೆದರೆ ಎಂಜಲು ಹೋಗುತ್ತದೇನೇ? ಅವೇನು ನೀನು ಹೆತ್ತ ಕೂಸುಗಳೇ?" ಎಂದಳು ಎದುರುಮನೆಯವಳು, ಬೀದಿಗೆಲ್ಲ ಕೇಳುವ ಹಾಗೆ.

ಬೊಂಬೆ ಮಾಡುವವಳು ನಾಚಿಕೆಯಿಂದ ಕುಗ್ಗಿಹೋದಳು. ಇನ್ನು ಮೇಲೆ ಬಾಯಿಗಿಡುವುದಿಲ್ಲವೆಂದು ಮಾತು ಕೊಟ್ಟಳು. ಬೆರಳಿನಲ್ಲೇ ಜಗ್ಗಿ ನೋಡಿ ಕೊಡತೊಡಗಿದಳು. ಎದುರುಮನೆಯವಳ ಬೀಗಾಟ ಹೇಳತೀರದು. ಅವಳನ್ನು ತಿದ್ದಿದ್ದೇ ನಾನು ಎನ್ನುತ್ತ, ಹೊಸ ಬೊಂಬೆಗಳಲ್ಲಿ ಮೊದಲನೆಯದನ್ನು ಎಲ್ಲರೂ ನೋಡುವಂತೆ ತಾನೇ ಕೊಂಡಳು. ಮೊಮ್ಮಗನಿಗೆ ಒಂದು ಆನೆ.

ಮೊಮ್ಮಗನಿಗೆ ಆಗಷ್ಟೇ ಹಲ್ಲು ಮೂಡಿತ್ತು. ಕಡಿದ, ಜಗ್ಗಿದ. ಆನೆಯ ಕಣ್ಣು ಕಿತ್ತು ಗಂಟಲಿನಲ್ಲಿ ಸಿಕ್ಕಿಕೊಂಡಿತು. ಕೂಸಿನ ಮುಖ ಕಪ್ಪಿಟ್ಟಿತು, ದನಿ ನಿಂತಿತು. ಅಜ್ಜಿಯ ಬೊಬ್ಬೆಗೆ ಬೀದಿಯೇ ಓಡಿ ಬಂತು. ಬೊಂಬೆ ಮಾಡುವವಳು ಕೂಸನ್ನು ಕಿತ್ತುಕೊಂಡು, ಮುಂಗೈ ಮೇಲೆ ಬೋರಲು ಹಾಕಿ, ಬೆನ್ನಿಗೆ ಗುದ್ದಿದಳು. ಗುಂಡಿ ನೆಲಕ್ಕೆ ಬಿತ್ತು. ಕೂಸು ಅತ್ತಿತು.

ಅವಳು ಆ ಗುಂಡಿಯನ್ನು ಹಿಡಿದುಕೊಂಡೇ ಎದುರುಮನೆಯವಳ ಕಾಲಿಗೆ ಬಿದ್ದಳು. "ಕಚ್ಚಿ ನೋಡದೆ ಕೊಟ್ಟೆ. ತಪ್ಪು ನನ್ನದೇ ಅಕ್ಕಾ, ಹೊಟ್ಟೆಗೆ ಹಾಕಿಕೊಳ್ಳಿ."

ಸುತ್ತ ನಿಂತವರೆಲ್ಲ ಬೊಂಬೆ ಹಿಂದಿರುಗಿಸಿದವರೇ. ಒಬ್ಬಳು ಸುಮ್ಮನೆ ಸೆರಗು ಸರಿಮಾಡಿಕೊಂಡಳು. ಇನ್ನೊಬ್ಬಳಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಉಳಿದವರು ಎದುರುಮನೆಯವಳು ಏನೆನ್ನುತ್ತಾಳೋ ಎಂದು ಕಾದರು. ಕಚ್ಚಬೇಡವೆಂದವಳು ನಾನು ಎನ್ನಲು ಒಂದು ಉಸಿರು ಸಾಕಿತ್ತು. ಕಾಲ ಬುಡದಲ್ಲಿ ಬಿದ್ದವಳನ್ನು ನೋಡಲಾಗದೆ ಅವಳ ಮುಖ ಬೆಂಕಿ ತಗುಲಿದಂತೆ ಉರಿಯಿತು. ಆದರೂ ಬಾಯಿಂದ ಬಂದದ್ದು ಇಷ್ಟೇ: "ಹೋಗಲಿ ಬಿಡೇ, ಕ್ಷಮಿಸಿದ್ದೇನೆ. ಇನ್ನು ಮುಂದೆ ಜೋಪಾನವಾಗಿ ಮಾಡು."

ಬೊಂಬೆ ಮಾಡುವವಳು ಮನೆಗೆ ಹೋಗಿ ಸೂಜಿ ಎತ್ತಿಟ್ಟಳು. ಮತ್ತೆ ಮುಟ್ಟಲಿಲ್ಲ. ಆ ಬೀದಿಯ ಕೂಸುಗಳು ಸಂತೆಯ ಪ್ಲಾಸ್ಟಿಕ್ ಬೊಂಬೆ ಚೀಪುತ್ತ ಬೆಳೆದವು.

ಶಿಷ್ಯೆ ಕೇಳಿದಳು: "ಆಮೇಲಾದರೂ ಎದುರುಮನೆಯವಳಿಗೆ ನಾಚಿಕೆಯಾಗಲಿಲ್ಲವೇ, ಅವ್ವಾ?"

ಅವ್ವ ಹೇಳಿದಳು: "ಆಗದೆ ಏನು, ಸಾಯುವವರೆಗೂ ಆಯಿತು, ಕಂಡವರ ಸುದ್ದಿಯನ್ನೆಲ್ಲ ಊರಿಗೆ ಸಾರಿದವಳು ಅದೊಂದನ್ನು ಮಾತ್ರ ಯಾರಿಗೂ ಹೇಳಲಿಲ್ಲ."